‘ವಾಲಪ್’ ಶಬ್ದದ ಚರಿತ್ರೆ: ಐತಿಹ್ಯವೂ ಪ್ರಮಾಣವೂ

ಹೊಡೆತವನ್ನು ಸೂಚಿಸುವ ಗ್ರಾಮ್ಯಶಬ್ದಗಳು ಆಂಗ್ಲಭಾಷೆಯಲ್ಲಿ ಹಲವಾರಿವೆ. ಅವುಗಳಲ್ಲಿ ‘ವಾಲಪ್’ ಎಂಬುದು ಒಂದು. ಬಲವಾದ ಏಟು ಕೊಡುವುದು, ಥಳಿಸುವುದು, ಪಂದ್ಯದಲ್ಲಿ ಎದುರಾಳಿಯನ್ನು ಪೂರ್ಣವಾಗಿ ಸೋಲಿಸುವುದು ಎಂಬಿವು ಇದರ ಈಗಿನ ಅರ್ಥಗಳು. ಪ್ರೌಢಪ್ರಬಂಧಗಳಲ್ಲಿ ಇದಕ್ಕೆ ಎಡೆ ದೊರೆಯುವುದು ಅಪೂರ್ವ. ಸಲಿಗೆಯ ಮಾತು, ವಿನೋದಪ್ರಸಂಗ, ಆಟದ ವರದಿ, ಇವೇ ಇದರ ಕ್ಷೇತ್ರ. ಕನ್ನಡದ ‘ಹೊಡೆ’ ಎಂಬುದಕ್ಕಿಂತ, ವಾದ್ಯದ ನಾದಕ್ಕೂ ಬೆನ್ನಿನ ಏಟಿಗೂ ಸಲ್ಲುವ ‘ಬಾರಿಸು’ ಎಂಬ ಮಾತೇ ಇದರ ಭಾವಕ್ಕೆ ಹತ್ತಿರವಾದುದು. ಇಂತಹ ಶಬ್ದಕ್ಕೆ ಒಬ್ಬ ಸೇನಾನಿಯ ಹೆಸರೇ ಮೂಲವೆಂಬ ಐತಿಹ್ಯವೊಂದು ಇಂಗ್ಲೆಂಡಿನಲ್ಲಿ ಪ್ರಚಾರದಲ್ಲಿದೆ. ಅದು ಪ್ರಮಾಣದ ಮುಂದೆ ನಿಲ್ಲಬಲ್ಲುದೆ ಎಂಬುದು ಪ್ರಕೃತ ವಿಚಾರ.

ಐತಿಹ್ಯದ ನಾಯಕನು ಸರ್ ಜಾನ್ ವಾಲಪ್. ಈತನು ಹ್ಯಾಂಪ್‌ಷೈರ್ ಪ್ರಾಂತದ ಮನೆತನದವನು; ಎಂಟನೆಯ ಹೆನ್ರಿಯ ಆಳಿಕೆಯಲ್ಲಿ ಯೋಧನಾಗಿಯೂ ರಾಯಭಾರಿಯಾಗಿಯೂ ಪ್ರಸಿದ್ಧನಾಗಿ, 1543ರಲ್ಲಿ ಗಾರ್ಟರ್ ಬಿರುದನ್ನು ಪಡೆದು, 1551ರಲ್ಲಿ ಮೃತನಾದನು. 1514ರಲ್ಲಿ ಫ್ರೆಂಚರು ಸಮುದ್ರದ ಮೇಲೆ ಬಂದು ಬ್ರೈಟನ್ ಊರನ್ನು ಸುಟ್ಟುದಕ್ಕೆ ಪ್ರತೀಕಾರವಾಗಿ ಈತನು ಸುಮಾರು 800 ಜನರೊಡನೆ ನಾರ್ಮಂಡಿಯ ತೀರಕ್ಕಿಳಿದು 21 ಊರುಗಳನ್ನು ಸುಟ್ಟನೆಂದು ಆಂಗ್ಲ ವೃತ್ತಾಂತಕಾರರು ಬರೆದಿದ್ದಾರೆ. ಆ ಮೇಲೆ ಚೆನ್ನಾಗಿ ಥಳಿಸುವುದಕ್ಕೆಲ್ಲ ಈತನ ಹೆಸರೇ ಕ್ರಿಯಾಪದವಾಯಿತೆಂಬುದು ಕಥೆ.

ಕಥೆಯು ಅಸಂಭವವೇನೂ ಅಲ್ಲ. ವ್ಯಕ್ತಿನಾಮವು ಕ್ರಿಯಾಪದವಾಗುವುದು ಆಂಗ್ಲಭಾಷೆಯಲ್ಲಿ ಕಂಡುಬರುವ ಸಂಗತಿಯೇ. 1880ರಲ್ಲಿ ಐರ್ಲೆಂಡಿನ ಒಕ್ಕಲುಗಳು ಕ್ಯಾಪ್ಟನ್ ಬಾಯ್ಕಾಟ್ ಎಂಬ ಜಮೀನಿನ ಮೇಲ್ವಿಚಾರಕನೊಡನೆ ಎಲ್ಲ ವ್ಯವಹಾರವನ್ನೂ ನಿಲ್ಲಿಸಿದಾಗ ಅವನ ಹೆಸರು ಆ ವರ್ಷವೇ ಕ್ರಿಯಾಪದವಾಗಿ ಪತ್ರಿಕೆಗಳನ್ನು ಸೇರಿತು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು: ಘಟನೆಗೂ ಪ್ರಯೋಗಕ್ಕೂ ನಡುವೆ ಕಾಲದ ಅಂತರವೇ ಇಲ್ಲ. ಈ ಒರೆಗಲ್ಲಿಗೆ ‘ವಾಲಪ್’ ಶಬ್ದವನ್ನು ಹಚ್ಚಿದರೆ ಐತಿಹ್ಯದ ದೌರ್ಬಲ್ಯವು ವ್ಯಕ್ತವಾಗುತ್ತದೆ. ಮೊದಲನೆಯದಾಗಿ, ಈ ಕ್ರಿಯಾಪದವು 14ನೆಯ ಶತಮಾನದಲ್ಲಿಯೇ, ಎಂದರೆ ಸರ್ ಜಾನನು ಹುಟ್ಟುವುದಕ್ಕೆ ಮೊದಲೇ, ಆಂಗ್ಲ ಸಾಹಿತ್ಯದಲ್ಲಿದೆ. ಎರಡನೆಯದಾಗಿ, ಹೊಡೆತವೆಂಬ ಅರ್ಥವು ಬರಹದಲ್ಲಿ ತೋರುವುದು 1820ರ ಸುಮಾರಿಗೆ. ದಾಳಿಗೂ ಈ ಅರ್ಥಕ್ಕೂ ನಡುವೆ ಮೂರು ಶತಮಾನಗಳ ಮೌನವಿದೆ.

ಹಾಗಾದರೆ ಮೊದಲಿದ್ದ ಅರ್ಥವಾವುದು? ಕುದುರೆಯ ನಾಗಾಲೋಟ. ಫ್ರಾನ್ಸಿನ ಉತ್ತರಭಾಗದ ‘ವಾಲೊಪೇ’ ಎಂಬ ರೂಪದಿಂದ ‘ವಾಲಪ್’ ಬಂದಿತು. ಮಧ್ಯಭಾಗದ ‘ಗಾಲೊಪೇ’ ಎಂಬುದರಿಂದ, ಸ್ವಲ್ಪ ತಡವಾಗಿ, ‘ಗ್ಯಾಲಪ್’ ಬಂದಿತು. ‘ಚೆನ್ನಾಗಿ ಓಡು’ ಎಂಬರ್ಥದ ಪ್ರಾಚೀನ ಜರ್ಮಾನಿಕ್ ಸಮಾಸವು ಇವೆರಡಕ್ಕೂ ಮೂಲವಾಗಿರಬೇಕೆಂದು ಪಂಡಿತರ ಊಹೆ. ಜರ್ಮಾನಿಕ್ ವಕಾರವು ಉತ್ತರದಲ್ಲಿ ಹಾಗೆಯೇ ಉಳಿದು ಮಧ್ಯದೇಶದಲ್ಲಿ ಗಕಾರವಾದುದು ಒಂದು ನಿಯಮ. ಕನ್ನಡದಲ್ಲಿಯೂ ಬಳಕೆಗೆ ಬಂದಿರುವ ‘ವಾರಂಟಿ’, ‘ಗ್ಯಾರಂಟಿ’ ಎಂಬ ಜೋಡಿಯು ಇದಕ್ಕೆ ನಿದರ್ಶನ; ‘ವಾರ್ಡನ್’, ‘ಗಾರ್ಡಿಯನ್’ ಎಂಬುದು ಇನ್ನೊಂದು.

ಜೋಡಿಶಬ್ದಗಳಿಗೆ ಅರ್ಥವು ಒಂದೇ ಆಗಿ ಬಹುಕಾಲ ನಿಲ್ಲುವುದು ವಿರಳ. ಓಟದ ಅರ್ಥವನ್ನು ‘ಗ್ಯಾಲಪ್’ ವಶಪಡಿಸಿಕೊಂಡಿತು. ‘ವಾಲಪ್’ ಬೇರೆ ನೆಲೆಯನ್ನು ಹುಡುಕಬೇಕಾಯಿತು. 16ನೆಯ ಶತಮಾನದಲ್ಲಿ ಅದು ನೀರು ತಳಮಳನೆ ಕುದಿಯುವುದಕ್ಕೆ ಸಂದಿತು. ಬಳಿಕ ಸದ್ದುಮಾಡುತ್ತ ಒಡ್ಡೊಡ್ಡಾಗಿ ಚಲಿಸುವುದು, ಹೊಯ್ದಾಡುವುದು ಎಂಬ ಅರ್ಥಗಳು ಬೆಳೆದವು. ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸನು ಹಗ್ಗಕ್ಕೆ ಬಿಗಿದು ಒದ್ದಾಡುವುದಕ್ಕೆ ಇದನ್ನೇ ಬಳಸಿದ್ದಾನೆ. ಒದ್ದಾಟದಿಂದ ದೊಪ್ಪೆಂದು ಬೀಳುವ ಸದ್ದಿಗೆ, ಸದ್ದಿನಿಂದ ಏಟಿಗೆ ಹೆಚ್ಚು ದೂರವಿಲ್ಲ. ಏಟಿನ ಅರ್ಥವು ಕೇವಲ ಅನುಕರಣಧ್ವನಿಯಿಂದ ಬೇರೆಯಾಗಿಯೇ ಹುಟ್ಟಿರಬಹುದೆಂದು ಹೇಳುವವರೂ ಉಂಟು. ಹೇಗಿದ್ದರೂ ಇಲ್ಲಿ ಕೆಲಸ ಮಾಡಿರುವುದು ಕಿವಿಯೇ ಹೊರತು ವಂಶಾವಳಿಯಲ್ಲ. ಏಟಿನಿಂದ ಮುಂದೆ ‘ವಾಲಪಿಂಗ್’ ಎಂಬುದು ‘ಬಹು ದೊಡ್ಡ’ ಎಂಬ ವಿಶೇಷಣವೂ ಆಯಿತು. ಹೊಡೆತದ ಶಬ್ದಗಳು ಗಾತ್ರವನ್ನು ಹೇಳತೊಡಗುವುದು ಆ ಭಾಷೆಯ ಜಾಡು. ‘ಥಂಪಿಂಗ್’, ‘ವಾಪಿಂಗ್’ ಎಂಬಿವೂ ಅದೇ ದಾರಿಯಲ್ಲಿ ನಡೆದಿವೆ.

ಇನ್ನು ಮನೆತನದ ಹೆಸರು. ಅದು ಹ್ಯಾಂಪ್‌ಷೈರಿನ ವಾಲಪ್ ಎಂಬ ಗ್ರಾಮಗಳಿಂದ ಬಂದುದು. ಆ ಗ್ರಾಮನಾಮದ ಉತ್ತರಪದಕ್ಕೆ ಹಳೆಯ ಆಂಗ್ಲದಲ್ಲಿ ಕಣಿವೆಯೆಂದರ್ಥ. ಊರಿಗೂ ಕುದುರೆಯ ಓಟಕ್ಕೂ ಸಂಬಂಧವಿಲ್ಲ. ಎರಡು ಶಬ್ದಗಳು ಒಂದೇ ಉಚ್ಚಾರಣೆಗೆ ಬಂದು ನಿಂತುದು ಆಕಸ್ಮಿಕ. ಆ ಆಕಸ್ಮಿಕವೇ ಕಥೆಯನ್ನು ಹುಟ್ಟಿಸಿತು.

ಕಥೆ ಸುಳ್ಳಾದರೆ ನಷ್ಟವೇನೆಂದು ಕೇಳಬಹುದು. ಶಬ್ದಕ್ಕೆ ನಷ್ಟವಿಲ್ಲ, ಚರಿತ್ರೆಗೆ ಉಂಟು. 21 ಊರುಗಳ ದಹನವನ್ನು ಒಂದು ವಿನೋದಶಬ್ದದ ಜನ್ಮವೃತ್ತಾಂತವಾಗಿ ಹೇಳಿದೊಡನೆ ಅಲ್ಲಿ ಮನೆಮಾರು ಕಳೆದುಕೊಂಡವರು ಮರೆಯಾಗಿ ಏಟಿನ ಸದ್ದೊಂದೇ ಉಳಿಯುತ್ತದೆ. ತರಗತಿಯಲ್ಲಿ ಇಂತಹ ವ್ಯುತ್ಪತ್ತಿಗಳು ಸುಲಭವಾಗಿ ಮೆಚ್ಚುಗೆಯನ್ನು ಪಡೆಯುವುದರಿಂದ, ಅವನ್ನು ಹೇಳುವ ಮೊದಲು ಶಬ್ದದ ಮೊದಲ ಪ್ರಯೋಗ ಯಾವಾಗಿನದು, ಘಟನೆ ಯಾವಾಗಿನದು ಎಂಬೆರಡನ್ನು ನೋಡಿಕೊಳ್ಳುವುದು ಅವಶ್ಯಕ. ದಾಳಿಯನ್ನು ದಾಳಿಯಾಗಿಯೇ, ಶಬ್ದವನ್ನು ಶಬ್ದವಾಗಿಯೇ ಓದಿದಾಗ ಎರಡಕ್ಕೂ ನ್ಯಾಯ ಸಲ್ಲುತ್ತದೆ.