ಕೀಬೋರ್ಡಿನ ಗಾಂಧಾರ ಯಾಕೆ ಮೇಲೆ ನಿಲ್ಲುತ್ತದೆ?

ಇಸಳೂರಿನ ಒಂದು ಮನೆಯ ಜಗಲಿಯಲ್ಲಿ ಭಜನೆ. ಹಾರ್ಮೋನಿಯಂ ರಿಪೇರಿಗೆ ಹೋಗಿತ್ತು, ಹುಡುಗನೊಬ್ಬ ಕೀಬೋರ್ಡ್ ಹಿಡಿದು ಕೂತಿದ್ದ. ಪಕ್ಕದಲ್ಲಿ ಶ್ರುತಿಪೆಟ್ಟಿಗೆ. ಎರಡು ಹಾಡು ಮುಗಿಯುವಷ್ಟರಲ್ಲಿ ಮೂಲೆಯಲ್ಲಿ ಕವಳ ಹಾಕುತ್ತಿದ್ದ ಅಜ್ಜ ಹೇಳಿದರು: "ತಮಾ, ಗಾಂಧಾರ ಚೂರು ಮೇಲೆ ಆತು." ಹುಡುಗ ಒಪ್ಪಲಿಲ್ಲ. ಮಷಿನ್ ಹೇಗೆ ತಪ್ಪುತ್ತದೆ?

ನಾವೂ ಹುಡುಗನ ಪರ ಇದ್ದೆವು. ಲೆಕ್ಕ ಹಾಕಿದ ಮೇಲೆ ಅಜ್ಜನ ಕಿವಿಯೇ ಸರಿ ಅಂತಾಯಿತು.

ಸಾ ಸೆಕೆಂಡಿಗೆ 240 ಸಲ ಕಂಪಿಸಿದರೆ ಶುದ್ಧ ಗಾಂಧಾರ 300 ಸಲ ಕಂಪಿಸಬೇಕು. ಕೀಬೋರ್ಡಿನಲ್ಲಿ ಅದು ಸುಮಾರು 302.4. ಯಾವ ಮನೆಯನ್ನಾದರೂ ಸಾ ಮಾಡಿಕೊಳ್ಳಲಿ ಎಂದು ಸಪ್ತಕವನ್ನು 12 ಸಮಪಾಲು ಮಾಡಿದ್ದಾರೆ. ಆ ಅನುಕೂಲಕ್ಕೆ ಕೊಟ್ಟ ಬೆಲೆ ಇದು.

ಈ ಜಗಳ ಹಳೆಯದು. ಹಾರ್ಮೋನಿಯಂ 1840ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿತು. ಕೈಯಲ್ಲಿ ತಿದಿ ಒತ್ತುವ ಪೆಟ್ಟಿಗೆಯನ್ನು ಕಲ್ಕತ್ತೆಯ ದ್ವಾರಕಾನಾಥ ಘೋಷ್ ಬಳಕೆಗೆ ತಂದರು. ಅಲ್ಲಿಂದ ಅದು ನಾಟಕ ಕಂಪನಿ, ಕೀರ್ತನೆ, ಭಜನೆ ಎಲ್ಲ ಕಡೆ ಹೊಕ್ಕಿತು. ಯಕ್ಷಗಾನದಲ್ಲಿ ಪುಂಗಿಯ ಜಾಗಕ್ಕೂ ಬಂತು.

ನಮ್ಮ ಸಂಗೀತ ಹೇಳುವ 22 ಶ್ರುತಿ 12 ಮನೆಯಲ್ಲಿ ಹಿಡಿಯುವುದಿಲ್ಲ, ಮೀಂಡ್ ಬರುವುದಿಲ್ಲ ಎಂಬುದು ಆಗಲೇ ಬಂದ ದೂರು. ಸಾಂಗಲಿಯ ಕೆ.ಬಿ. ದೇವಲ್ ಅವರು ಇ. ಕ್ಲೆಮೆಂಟ್ಸ್ ಎಂಬ ಅಧಿಕಾರಿಯ ಜೊತೆ ಸೇರಿ 20ನೇ ಶತಮಾನದ ಆರಂಭದಲ್ಲೇ ಶ್ರುತಿ ಹಾರ್ಮೋನಿಯಂ ಮಾಡಿಸಿದರು. ಅದು ಊರೂರಿಗೆ ಹಬ್ಬಲಿಲ್ಲ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನೇ ನಿಷೇಧಿಸಿತು. 1950ರಲ್ಲಿ ಧಾರವಾಡ ಕೇಂದ್ರ ಶುರುವಾದಾಗಲೂ ಆ ನಿಷೇಧ ಇತ್ತು. ಸಡಿಲವಾದದ್ದು 1971ರಲ್ಲಿ. ಆದರೂ ಬೆಳಗಾವಿಯ ರಾಂಭಾವು ಬಿಜಾಪುರೆಯವರಂಥವರು (1917–2010) ಇದೇ ಪೆಟ್ಟಿಗೆ ನುಡಿಸಿ, ಕಲಿಸಿ, ಅದಕ್ಕೆ ಮರ್ಯಾದೆ ತಂದರು.

ಮುಂದೆ ಎಲೆಕ್ಟ್ರಾನಿಕ್ಸ್ ಬಂತು. 1979ರಲ್ಲಿ ಬೆಂಗಳೂರಿನಲ್ಲಿ ರಾಡೆಲ್ ಕಂಪನಿ ಶುರು ಮಾಡಿದ ಜಿ. ರಾಜ್ ನಾರಾಯಣ್ ಎಂಜಿನಿಯರ್, ಜೊತೆಗೆ ಕೊಳಲು ವಾದಕರು. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿಗಳನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಅವರು ಮೊದಲಿಗರು. ಇತ್ತ 1983ರಲ್ಲಿ ಬಂದ ಯಮಹಾ ಡಿಎಕ್ಸ್7 ಸಿಂಥಸೈಜರ್ 12 ಸಮಪಾಲಿಗೇ ಅಂಟಿಕೊಂಡಿತ್ತು. ಅದರ ಮುಂದಿನ ಮಾದರಿಯಲ್ಲಿ ಒಂದೊಂದು ಸ್ವರವನ್ನೂ ಬೇರೆಯಾಗಿ ಏರಿಸಿ ಇಳಿಸುವ ಸೌಲಭ್ಯ ಕೊಟ್ಟರು.

ಆ ಸೌಲಭ್ಯ ಈಗ ಎಷ್ಟೋ ಕೀಬೋರ್ಡುಗಳಲ್ಲಿ ಇದೆ. ಮೆನುವಿನಲ್ಲಿ ಸ್ಕೇಲ್ ಟ್ಯೂನ್ ಅಥವಾ ಸ್ಕೇಲ್ ಟ್ಯೂನಿಂಗ್ ಹುಡುಕಿ. ಅಕ್ಕಪಕ್ಕದ ಎರಡು ಮನೆಗಳ ನಡುವೆ 100 ಸೆಂಟ್ ಅಂತರ. ದೊಡ್ಡ ಗಾಂಧಾರವನ್ನು 14, ಧೈವತವನ್ನು 16, ನಿಷಾದವನ್ನು 12 ಸೆಂಟ್ ಇಳಿಸಿ. ಪಂಚಮವನ್ನು 2 ಏರಿಸಿ. ಒಂದು ಎಚ್ಚರ: ಕಪ್ಪು ಎರಡಕ್ಕೆ ಹೀಗೆ ಹೊಂದಿಸಿದ್ದು ಬಿಳಿ ಒಂದಕ್ಕೆ ಹೊಂದುವುದಿಲ್ಲ. ಸಾ ಬದಲಾದರೆ ಮತ್ತೆ ಹೊಂದಿಸಬೇಕು.

ಹುಡುಗ ಮರುವಾರ ಹೊಂದಿಸಿಕೊಂಡು ಬಂದ. ಅಜ್ಜ ಏನೂ ಹೇಳಲಿಲ್ಲ, ತಾಳ ಹಾಕತೊಡಗಿದರು.

ಈಗಿನ ಮಕ್ಕಳು ಸ್ವರ ಕಲಿಯುವುದು ಮೊಬೈಲ್ ಆ್ಯಪ್‌ನಿಂದ, ಕೀಬೋರ್ಡಿನಿಂದ. ಪೆಟ್ಟಿಗೆ ಹೇಳಿದ್ದೇ ಸರಿ ಎಂದು ಕಿವಿ ನಂಬಿಬಿಟ್ಟರೆ, ಮುಂದೆ "ಮೇಲೆ ಆತು" ಎನ್ನುವವರು ಯಾರೂ ಉಳಿಯುವುದಿಲ್ಲ. ನಿಮ್ಮೂರಿನ ಭಜನೆಯಲ್ಲಿ ಅಂಥ ಅಜ್ಜ ಅಜ್ಜಿ ಇದ್ದರೆ, ಮಕ್ಕಳನ್ನು ಅವರ ಪಕ್ಕವೇ ಕೂರಿಸಿ.