ಮಟ್ಟುವಿನಲ್ಲಿ ಎಂಜಿನ್ ಆಯಿಲ್ ದಪ್ಪವಾಗುವುದು: ಚಳಿಯೋ, ನೀರೋ?

ಕಡಲಿಗೂ ಹೊಳೆಗೂ ನಡುವಿನ ಮಟ್ಟುವಿನಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವ ಉಷ್ಣಾಂಶ ಸಾಮಾನ್ಯವಾಗಿ 20ರಿಂದ 22 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ. ಅಷ್ಟು ಚಳಿಗೇ ಬಾಟಲಿಯ ತೆಂಗಿನೆಣ್ಣೆ ಬೆಳ್ಳಗೆ ಗಟ್ಟಿಯಾಗುವುದನ್ನು ಕಂಡವರು, ದೋಣಿ ಅಥವಾ ಪಂಪ್‌ಸೆಟ್‌ಗೆಂದು ತೆಗೆದಿಟ್ಟ ಎಂಜಿನ್ ಆಯಿಲ್ ದಪ್ಪವಾದರೆ ಅದನ್ನೂ ಚಳಿಯ ಲೆಕ್ಕಕ್ಕೇ ಹಾಕುವುದು ಸಹಜ. ಆದರೆ ಈ ಲೆಕ್ಕ ತಾಳೆಯಾಗುವುದಿಲ್ಲ.

ತೆಂಗಿನೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಸುಮಾರು ಅರ್ಧದಷ್ಟು ಲಾರಿಕ್ ಆಮ್ಲ. ತೆಂಗಿನೆಣ್ಣೆ ಕರಗುವುದು 24 ಡಿಗ್ರಿಯ ಆಸುಪಾಸಿನಲ್ಲಿ. ಎಂಜಿನ್ ಆಯಿಲ್ ನೂರಾರು ಹೈಡ್ರೋಕಾರ್ಬನ್‌ಗಳ ಬೆರಕೆ, ಅದಕ್ಕೆ ಹೀಗೊಂದು ಗೆರೆಯಿಲ್ಲ. ನಮ್ಮಲ್ಲಿ ಬಳಕೆಯಲ್ಲಿರುವ 20ಡಬ್ಲ್ಯು-40 ಆಯಿಲ್ 30 ಡಿಗ್ರಿಯಿಂದ 20ಕ್ಕೆ ಇಳಿದರೆ ಅದರ ಸ್ನಿಗ್ಧತೆ ಸರಿಸುಮಾರು ಇಮ್ಮಡಿಯಾಗುತ್ತದೆ, ಬಿಸಿಲೇರಿದರೆ ಮತ್ತೆ ಮೊದಲಿನಂತಾಗುತ್ತದೆ. ಆ ಚಳಿಯಲ್ಲಿ ಎಷ್ಟು ತಿಂಗಳು ಇಟ್ಟರೂ ಅದಕ್ಕಿಂತ ದಪ್ಪವಾಗದು.

ಇಟ್ಟ ಅವಧಿ ನಿಜಕ್ಕೂ ಲೆಕ್ಕಕ್ಕೆ ಬರುವುದು ಶೂನ್ಯಕ್ಕಿಂತ ಬಹಳ ಕೆಳಗೆ. ಇದಕ್ಕೆ ಪ್ರಸಿದ್ಧ ನಿದರ್ಶನ ಅಮೆರಿಕದ ದಕ್ಷಿಣ ಡಕೋಟಾದ ಸೂ ಫಾಲ್ಸ್. 1980–81ರ ಚಳಿಗಾಲದಲ್ಲಿ ಅಲ್ಲಿ ಅನೇಕ ಎಂಜಿನ್‌ಗಳು ಕೆಟ್ಟವು; ಅವುಗಳಲ್ಲಿದ್ದ ಆಯಿಲ್ ಆಗಿನ ಪರೀಕ್ಷೆಗಳಲ್ಲಿ ಪಾಸಾಗಿತ್ತು. ಆ ಪರೀಕ್ಷೆಗಳು ಆಯಿಲನ್ನು ಬೇಗ ತಣಿಸುತ್ತಿದ್ದವು, ಊರಿನ ಹವೆ ನಿಧಾನವಾಗಿ ತಣಿಸಿತ್ತು. ನಿಧಾನವಾಗಿ ತಣಿದಾಗ ಮೇಣದ ಹರಳುಗಳು ಬೆಳೆದು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ, ಉಳಿದ ದ್ರವ ಆ ಹೆಣಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಎಂಜಿನ್ನಿನೊಳಗಿನ ಆಯಿಲ್ ಪಂಪ್ ತನ್ನ ಬಾಯಿಯ ಬಳಿಯದನ್ನಷ್ಟೇ ಎಳೆದುಕೊಂಡು ಆಮೇಲೆ ಬರೀ ಗಾಳಿ ಹೀರುತ್ತದೆ. ಇಂದಿನ ಎಎಸ್‌ಟಿಎಂ ಡಿ4684 ಪರೀಕ್ಷೆಯಲ್ಲಿ ಆಯಿಲನ್ನು 45 ಗಂಟೆಗೂ ಮೀರಿ ತಣಿಸುವುದು ಇದೇ ಕಾರಣಕ್ಕೆ. 20ಡಬ್ಲ್ಯು ದರ್ಜೆಗೆ ಈ ಪರೀಕ್ಷೆ ನಡೆಯುವುದು ಮೈನಸ್ 20 ಡಿಗ್ರಿಯಲ್ಲಿ. ಮಟ್ಟುವಿನ ಚಳಿಗಾಲದ ಬೆಳಗಿಗೂ ಅದಕ್ಕೂ ಸುಮಾರು 40 ಡಿಗ್ರಿಯ ಅಂತರ.

ಹಾಗಾದರೆ ಇಲ್ಲಿ ದಪ್ಪವಾಗುವ ಆಯಿಲ್‌ಗೆ ಏನಾಗಿರುತ್ತದೆ? ಬಳಸಿದ ಆಯಿಲ್ ಆದರೆ ಮಸಿಯೋ ಉತ್ಕರ್ಷಣವೋ ಇರಬಹುದು. ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಮೊದಲ ಅನುಮಾನ ನೀರಿನ ಮೇಲೆ. ಆಯಿಲ್‌ನಲ್ಲಿ ಸಣ್ಣ ಹನಿಗಳಾಗಿ ಚದುರಿದ ನೀರು ಅದನ್ನು ಮಂದವಾಗಿಸುತ್ತದೆ. ಕಾದ ತಗಡಿನ ಮೇಲೆ ಒಂದು ಹನಿ ಬಿಟ್ಟು ನೋಡಿದರೆ ಸಾಕು: ನೀರಿದ್ದರೆ ಚಟಪಟ ಸಿಡಿಯುತ್ತದೆ.

ನೀರು ಒಳಹೊಗುವ ದಾರಿ ಸ್ವಾರಸ್ಯಕರ. ಬಯಲಲ್ಲಿ ನೆಟ್ಟಗೆ ನಿಲ್ಲಿಸಿದ ಡ್ರಮ್ಮಿನ ತಲೆಯ ಮೇಲೆ ಮಳೆನೀರು ನಿಲ್ಲುತ್ತದೆ. ಹಗಲು ಕಾದಾಗ ಒಳಗಿನ ಗಾಳಿ ಹಿಗ್ಗಿ ಬಿರಡೆಯ ಸಂದಿಯಿಂದ ಹೊರಬೀಳುತ್ತದೆ. ರಾತ್ರಿ ಅಥವಾ ಮಳೆ ಹೊಡೆದಾಗ ಕುಗ್ಗುತ್ತದೆ, ಆಗ ಅದೇ ಸಂದಿಯಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಬಿರಡೆ ಬಿಗಿಯಾಗಿಯೇ ಇದ್ದಂತೆ ಕಂಡರೂ ಇದು ನಡೆಯುತ್ತದೆ. ಸೂರಿನಡಿ ಜಾಗವಿಲ್ಲದಿದ್ದರೆ ಡ್ರಮ್ಮನ್ನು ಅಡ್ಡ ಮಲಗಿಸಿ, ಅದರ ಎರಡು ಬಿರಡೆಗಳೂ ಒಂದೇ ಮಟ್ಟದಲ್ಲಿ, ಒಳಗಿನ ಆಯಿಲ್‌ನಿಂದ ಮುಚ್ಚಿರುವಂತೆ ಇಡಬೇಕು.