ಸರ್ವರ್ ಜಾವಾಸ್ಕ್ರಿಪ್ಟ್: ಜಾಲವಿಳಾಸದ ವಿಭಜನೆ ಮತ್ತು ಕಡತವಿತರಣೆಯ ಇತಿಹಾಸ

ಬ್ರೌಸರಿನಿಂದ ಬಂದ ಜಾಲವಿಳಾಸವನ್ನು ಅಂಗಾಂಗವಾಗಿ ಬಿಡಿಸಿ, ಅದರ ಮಾರ್ಗಭಾಗವು ಸೂಚಿಸುವ ಕಡತವನ್ನು ಡಿಸ್ಕಿನಿಂದ ತೆಗೆದು, ಅದು ಪುಟವೋ ಚಿತ್ರವೋ ಎಂಬ ಸೂಚನೆಯೊಡನೆ ಹಿಂದಿರುಗಿಸುವ ಕಾರ್ಯವನ್ನು ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ನಿರ್ವಹಿಸುವ ಪದ್ಧತಿ. ಈ ಎರಡು ಕೆಲಸಗಳಲ್ಲಿ ಕಡತವನ್ನು ಕೊಡುವುದು ಸುಲಭವಾದುದು. ವಿಳಾಸವನ್ನು ಓದುವುದೇ ಕಠಿನವೆಂಬುದಕ್ಕೆ ಇದರ ಇತಿಹಾಸವೆಲ್ಲ ಸಾಕ್ಷಿಯಾಗಿದೆ.

ವಿಳಾಸದ ವ್ಯಾಕರಣವನ್ನು ಟಿಮ್ ಬರ್ನರ್ಸ್-ಲೀ ಮೊದಲಾದವರು 1994ರಲ್ಲಿ ಆರ್‌ಎಫ್‌ಸಿ 1738 ಎಂಬ ಲೇಖ್ಯದಲ್ಲಿ ನಿಬಂಧಿಸಿದರು. 2005ರ ಆರ್‌ಎಫ್‌ಸಿ 3986 ಅದನ್ನು ಪರಿಷ್ಕರಿಸಿತು. ಬ್ರೆಂಡನ್ ಐಕ್ 1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಗಾಗಿ ರಚಿಸಿದ ಜಾವಾಸ್ಕ್ರಿಪ್ಟನ್ನು ಆ ಸಂಸ್ಥೆಯೇ ಲೈವ್‌ವೈರ್ ಎಂಬ ಹೆಸರಿನಿಂದ ಸರ್ವರ್ ಕಡೆಗೂ ತಂದಿತ್ತಾದರೂ ಆ ಪ್ರಯತ್ನವು ಬಹುಕಾಲ ಊರ್ಜಿತವಾಗಲಿಲ್ಲ. 2008ರಲ್ಲಿ ಗೂಗಲ್ ಸಂಸ್ಥೆಯು ಕ್ರೋಮ್ ಬ್ರೌಸರಿನೊಡನೆ ಜಾವಾಸ್ಕ್ರಿಪ್ಟನ್ನು ವೇಗವಾಗಿ ನಡೆಸುವ ವಿ8 ಎಂಬ ತಂತ್ರಾಂಶವನ್ನು ಪ್ರಕಟಿಸಿದ ತರುವಾಯ, ಅದನ್ನೇ ಆಧರಿಸಿ ರಯನ್ ಡಾಲ್ 2009ರಲ್ಲಿ ನೋಡ್.ಜೆಎಸ್ ಅನ್ನು ನಿರ್ಮಿಸಿ, ಅದೇ ವರ್ಷದ ನವೆಂಬರಿನಲ್ಲಿ ಬರ್ಲಿನ್ನಿನ ಸಮ್ಮೇಳನವೊಂದರಲ್ಲಿ ಪ್ರದರ್ಶಿಸಿದನು. ಒಂದು ಕಡತವು ಡಿಸ್ಕಿನಿಂದ ಬರುವವರೆಗೆ ಸುಮ್ಮನೆ ಕಾದು ನಿಲ್ಲದೆ, ಅಷ್ಟರಲ್ಲಿ ಬೇರೆ ಕೋರಿಕೆಗಳನ್ನು ಗಮನಿಸುವುದು ನೋಡ್‌ನ ವೈಶಿಷ್ಟ್ಯ.

ನೋಡ್ ಕಲಿಯುವವನು ಮೊದಲು ಬರೆಯುವ ಸರ್ವರಾದರೋ ಹತ್ತಾರು ಸಾಲಿನದು: ಬಂದ ವಿಳಾಸವು ಇಂತಹುದಾದರೆ ಇಂತಹ ಪುಟವನ್ನು ಕೊಡು, ಇಲ್ಲವಾದರೆ ಪುಟವಿಲ್ಲವೆಂಬ ಅರ್ಥದ 404 ಎನ್ನು. ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯೂ ಅದರ ಮುಂದೆ ಒಂದೆರಡು ಅಕ್ಷರಗಳೂ ಸೇರಿದೊಡನೆ ಹೋಲಿಕೆಯು ತಪ್ಪಿ, ಇರುವ ಪುಟವೇ ಇಲ್ಲವೆಂದು ಉತ್ತರ ಬರುತ್ತದೆ. ವಿಳಾಸವನ್ನು ಬಿಡಿಸದೆ ಇಡಿಯಾಗಿ ಹೋಲಿಸಿದುದರ ಫಲವಿದು.

ಇದಕ್ಕಿಂತ ಘೋರವಾದುದು ಮಾರ್ಗಲಂಘನ. ಎರಡು ಚುಕ್ಕೆ, ಒಂದು ಓರೆಗೆರೆ ಎಂದರೆ ಮೇಲಿನ ಫೋಲ್ಡರು. ಇದನ್ನೇ ಪದೇಪದೇ ಬರೆದವನು ಸಾರ್ವಜನಿಕ ಫೋಲ್ಡರಿನಿಂದ ಹೊರಬಿದ್ದು ಪಾಸ್‌ವರ್ಡುಗಳ ಕಡತದವರೆಗೂ ಕೈಚಾಚಬಲ್ಲನು. 2018ರ ನೋಡ್ 10ರಲ್ಲಿ ಸರ್ವತ್ರ ಲಭ್ಯವಾದ ಯುಆರ್‌ಎಲ್ ಎಂಬ ವರ್ಗವು ಇಂತಹ ಚುಕ್ಕೆಗಳನ್ನು ತಾನೇ ಕರಗಿಸುತ್ತದೆಯಾದರೂ, ಓರೆಗೆರೆಯನ್ನು ಶೇಕಡಾ ಚಿಹ್ನೆಯ ಸಂಕೇತದಲ್ಲಿ ಮರೆಸಿ ಬರೆದಾಗ ಅದಕ್ಕೆ ಗೋಚರಿಸದು. ಅನಂತರ ಪ್ರೋಗ್ರಾಮು ಆ ಸಂಕೇತವನ್ನು ಬಿಡಿಸಿದಾಗ ಅಪಾಯವು ಮತ್ತೆ ತಲೆಯೆತ್ತುತ್ತದೆ. ಆದಕಾರಣ ಸಂಕೇತವನ್ನು ಬಿಡಿಸಿ, ಪೂರ್ಣಮಾರ್ಗವನ್ನು ಕಟ್ಟಿ, ಅದು ಸಾರ್ವಜನಿಕ ಫೋಲ್ಡರಿನೊಳಗೇ ಇದೆಯೆಂಬುದನ್ನು ನೋಡಿದ ಮೇಲೆಯೇ ಕಡತವನ್ನು ತೆರೆಯತಕ್ಕದ್ದು.

ಕನ್ನಡದ ವಿಳಾಸಗಳಲ್ಲಿ ತೊಡಕು ಬೇರೊಂದು ಬಗೆಯದು. ವಿಕಿಪೀಡಿಯದ ‘ಕನ್ನಡ’ ಎಂಬ ಲೇಖನದ ಹೆಸರು ಕಣ್ಣಿಗೆ ಮೂರೇ ಅಕ್ಷರವಾದರೂ ಯೂನಿಕೋಡಿನಲ್ಲಿ ಐದು ಸಂಕೇತ, ಯುಟಿಎಫ್-8ರಲ್ಲಿ 15 ಬೈಟು, ಶೇಕಡಾ ಚಿಹ್ನೆಗಳೊಡನೆ ವಿಳಾಸದಲ್ಲಿ 45 ಚಿಹ್ನೆ. ಗೆಳೆಯರಿಗೆ ಕಳುಹಿಸಿದ ಕನ್ನಡದ ಕೊಂಡಿಯು ಮಾರುದ್ದದ ಚಿಹ್ನೆಗಳ ಸಾಲಾಗಿ ಹರಡಿಕೊಳ್ಳುವುದು ಇದರಿಂದಲೇ. ಇನ್ನು ‘ಕೊಡಗು’ ಎಂಬ ಹೆಸರಿನ ಕಡತದಲ್ಲಿ ಒಕಾರವನ್ನು ಒಂದೇ ಸಂಕೇತವಾಗಿಯೂ, ಎಕಾರ ಮತ್ತು ಊಕಾರದ ಚಿಹ್ನೆಗಳೆರಡರ ಜೋಡಣೆಯಾಗಿಯೂ ಬರೆಯಬಹುದು. ಹಳೆಯ ಮ್ಯಾಕ್ ಗಣಕಗಳ ಕಡತವ್ಯವಸ್ಥೆಯು ಎರಡನೆಯ ರೂಪದಲ್ಲಿಯೇ ಹೆಸರನ್ನು ಇಡುತ್ತಿತ್ತಾಗಿ, ಅಲ್ಲಿಂದ ಲಿನಕ್ಸ್ ಸರ್ವರಿಗೆ ಸಾಗಿದ ಕಡತವು ಕಣ್ಣೆದುರಿಗೇ ಇದ್ದರೂ 404 ಎಂಬ ಉತ್ತರವೇ ದೊರೆಯುವುದುಂಟು. ಜಾವಾಸ್ಕ್ರಿಪ್ಟಿನ ‘ನಾರ್ಮಲೈಸ್’ ವಿಧಾನವು ಎರಡು ರೂಪಗಳನ್ನೂ ಒಂದುಗೂಡಿಸುತ್ತದೆ. ಅರ್ಕಾವೊತ್ತಿಗೆ ಬದಲಾಗಿ ರಕಾರವನ್ನೇ ಉಳಿಸಲು ನಡುವೆ ಸೇರಿಸುವ ಅದೃಶ್ಯ ಜೋಡಕವನ್ನು ಮಾತ್ರ ಅದು ಮುಟ್ಟುವುದಿಲ್ಲ. ಅದನ್ನು ಪ್ರೋಗ್ರಾಮು ಬರೆಯುವವನೇ ಬೇರೆಯಾಗಿ ನೋಡಿಕೊಳ್ಳಬೇಕಾಗುತ್ತದೆ.